ಗಲ್ಲಾಪೆಟ್ಟಿಗೆಯೂ ಸುಂಕದ ಕಟ್ಟೆಯೂ

ವಿಶಾಖಪಟ್ಟಣದ ಬಂದರು 1933ರ ಅಕ್ಟೋಬರ್ 7ರಂದು 'ಜಲದುರ್ಗ'ವೆಂಬ ಹಡಗನ್ನು ಬರಮಾಡಿಕೊಂಡು ತನ್ನ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಸರಕು ಮಾತ್ರವೇ ಬರಲಿಲ್ಲ. 1941ರಲ್ಲಿ ಅಡಿಗಲ್ಲು ಕಂಡ ಹಡಗು ಕಟ್ಟುವ ಕಾರ್ಖಾನೆ, 1957ರ ತೈಲ ಶುದ್ಧೀಕರಣ ಘಟಕ, ನೌಕಾಪಡೆ, ಆಮೇಲೆ ಉಕ್ಕಿನ ಕಾರ್ಖಾನೆ, ಇವೆಲ್ಲ ದೇಶದ ನಾನಾ ಕಡೆಯ ಜನರನ್ನು ಇಲ್ಲಿಗೆ ಎಳೆದು ತಂದವು. ದುಡಿಯುವ ಜನ ಎಲ್ಲಿ ಕೂಡುವರೋ ಅಲ್ಲಿಗೆ ಅವರಿಗೆ ಉಣಬಡಿಸುವವರೂ ಬರುತ್ತಾರೆ. ತೆಂಕಣದ ರೇವುಪಟ್ಟಣಗಳಲ್ಲಿಯೂ ಬೆಜವಾಡದಂತಹ ದೊಡ್ಡ ರೈಲ್ವೆ ಜಂಕ್ಷನ್ನುಗಳಲ್ಲಿಯೂ 'ಉಡುಪಿ ಹೋಟೆಲು' ಎಂಬ ಫಲಕ ಹೇಗೆ ಬಂತೆಂದು ಯಾರೂ ಆಶ್ಚರ್ಯಪಡುವುದಿಲ್ಲ.

ಈಗಲೂ ಊರಿನಿಂದ ಒಬ್ಬ ತರುಣ ಬರುತ್ತಾನೆ. ಬಂಧುಗಳ ಹೋಟೆಲಿನಲ್ಲಿ ಮಾಣಿಯಾಗಿ ನಿಂತು, ಗಲ್ಲೆಗೆ ಏರಿ, ಹತ್ತಾರು ವರ್ಷಗಳಲ್ಲಿ ಸ್ವಂತದ್ದೊಂದು ಬಾಗಿಲು ತೆರೆಯುವ ಧೈರ್ಯ ಮಾಡುತ್ತಾನೆ. ಎಷ್ಟು ಅಕ್ಕಿಗೆ ಎಷ್ಟು ಉದ್ದು, ಯಾವ ವಾರ ಯಾವ ತರಕಾರಿ ಅಗ್ಗ, ಯಾವ ಅಡುಗೆಯವನ ಕೈಯಲ್ಲಿ ಎಣ್ಣೆ ಪೋಲಾಗುತ್ತದೆ, ಇವೆಲ್ಲ ಅವನಿಗೆ ಕರತಲಾಮಲಕ. ಆದರೆ ತಾನು ಮಾರುವ ಇಡ್ಲಿ ಕಾನೂನಿನ ದೃಷ್ಟಿಯಲ್ಲಿ ಸರಕೋ ಸೇವೆಯೋ ಎಂಬುದು ಅವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವಿದೆಯೆಂದೂ ಯಾರೂ ಅವನಿಗೆ ಹೇಳಿರುವುದಿಲ್ಲ. ಆ ಒಂದು ಪ್ರಶ್ನೆಯ ಉತ್ತರದ ಮೇಲೆ ಅವನ ಎರಡು ವರ್ಷದ ಲಾಭ ನಿಂತಿರಬಹುದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮ್ಮಲ್ಲಿ ಹಳೆಯದು. ಸುಂಕವೂ ಅಷ್ಟೇ ಹಳೆಯದು. ಕನ್ನಡ ಶಾಸನಗಳಲ್ಲಿ 'ಪೆರ್ಜುಂಕ' ಎಂಬ ಹಿರಿಯ ಸುಂಕದ ಮಾತು ಬರುತ್ತದೆ. ಸಣ್ಣಪುಟ್ಟ ಸುಂಕಗಳಿಗೆ 'ಕಿರುಕುಳ'ವೆಂಬ ಹೆಸರಿತ್ತು. ಆ ಮಾತು ಇಂದು ಯಾವ ಅರ್ಥಕ್ಕೆ ಬಂದು ನಿಂತಿದೆಯೆಂಬುದನ್ನು ನೋಡಿದರೆ, ಹಿರಿಯ ತೆರಿಗೆಗಿಂತ ಕಿರಿಯ ತೆರಿಗೆಗಳೇ ಜನರನ್ನು ಹೆಚ್ಚು ಕಾಡಿದುವೆಂದು ತೋರುತ್ತದೆ. ಆದರೆ ಸುಂಕದವರೆಲ್ಲ ಕಟುಕರಲ್ಲ. ಹನ್ನೆರಡನೆಯ ಶತಮಾನದ ಶರಣರ ಗುಂಪಿನಲ್ಲಿ ಸುಂಕದ ಬಂಕಣ್ಣನೂ ಇದ್ದ. ತನ್ನ ಕಸುಬಿನ ಪರಿಭಾಷೆಯನ್ನೇ ವಚನಕ್ಕೆ ತಂದ.

ಇನ್ನೊಂದು ಸಂಗತಿಯನ್ನು ಇಲ್ಲಿಯ ಕನ್ನಡಿಗರು ನೆನೆಯುವುದು ಕಡಿಮೆ. ಉಡುಪಿ, ವಿಶಾಖಪಟ್ಟಣ, ಬೆಜವಾಡ ಮೂರೂ ಒಂದು ಕಾಲದಲ್ಲಿ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದುವು. ರಾಜಾಜಿಯವರ ಮಂತ್ರಿಮಂಡಲ ಪಾನನಿರೋಧದಿಂದ ಬರಿದಾಗುತ್ತಿದ್ದ ಬೊಕ್ಕಸವನ್ನು ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ದೇಶದಲ್ಲಿ ಆ ಬಗೆಯ ತೆರಿಗೆ ಅದೇ ಮೊದಲು. ಆಗ ಕಂದಾಯ ಮಂತ್ರಿಗಳಾಗಿದ್ದವರು ಟಂಗುಟೂರಿ ಪ್ರಕಾಶಂ ಪಂತುಲು, ಇಂದು ವಿಜಯವಾಡದ ಕೃಷ್ಣಾ ಅಣೆಕಟ್ಟು ಯಾರ ಹೆಸರನ್ನು ಹೊತ್ತಿದೆಯೋ ಅವರು. ಹೀಗೆ ಉಡುಪಿಯ ಅಂಗಡಿಯವನೂ ವಿಶಾಖಪಟ್ಟಣದ ವರ್ತಕನೂ ಒಂದೇ ಶಾಸನದ ಕೆಳಗೆ ಲೆಕ್ಕ ಬರೆಯಲು ಕಲಿತರು. ರಾಜ್ಯಗಳು ಬೇರೆಯಾದ ಮೇಲೆ ಆಂಧ್ರಕ್ಕೆ ತನ್ನದೇ 1957ರ ಮಾರಾಟ ತೆರಿಗೆ ಶಾಸನ ಬಂತು. 2005ರಲ್ಲಿ ಮೌಲ್ಯವರ್ಧಿತ ತೆರಿಗೆ. 2017ರ ಜುಲೈ 1ರಂದು ಇಡೀ ದೇಶಕ್ಕೆ ಸರಕು ಮತ್ತು ಸೇವಾ ತೆರಿಗೆ, ಅರ್ಥಾತ್ ಜಿ.ಎಸ್.ಟಿ. ಎಪ್ಪತ್ತೆಂಟು ವರ್ಷಗಳ ತರುವಾಯ ಎರಡು ಊರುಗಳೂ ಮತ್ತೆ ಒಂದೇ ಬಗೆಯ ಶಾಸನಕ್ಕೆ ಬಂದುವು.

ಅನ್ನವು ಸರಕೋ, ಸೇವೆಯೋ?

ಪ್ರಶ್ನೆ ವಿನೋದದ್ದಾಗಿ ಕಂಡರೂ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಎರಡು ಬಾರಿ ಹತ್ತಿದೆ. 1972ರಲ್ಲಿ ಹಿಮಾಚಲ ಪ್ರದೇಶದ ಮೊಕದ್ದಮೆಯೊಂದರಲ್ಲಿ, ತಂಗುವ ಅತಿಥಿಗೆ ಹೋಟೆಲಿನವರು ಕೊಡುವ ಊಟ ಮಾರಾಟವಲ್ಲವೆಂದು ನ್ಯಾಯಾಲಯ ಹೇಳಿತು. 1978ರಲ್ಲಿ ದೆಹಲಿಯ ಮೊಕದ್ದಮೆಯಲ್ಲಿ ಅದೇ ತತ್ವವನ್ನು ಹೊರಗಿನಿಂದ ಬಂದು ಉಂಡುಹೋಗುವ ಗಿರಾಕಿಗೂ ಅನ್ವಯಿಸಿತು. ಉಣ್ಣುವವನು ತಟ್ಟೆಯಲ್ಲಿ ಉಳಿದುದನ್ನು ಕಟ್ಟಿಕೊಂಡು ಹೋಗುವ ಹಕ್ಕುದಾರನಲ್ಲ. ಅವನು ಪಡೆಯುವುದು ಉಪಚಾರವನ್ನು, ಕೊಳ್ಳುವುದು ಸರಕನ್ನಲ್ಲ, ಎಂಬುದು ಅದರ ಸಾರ. ಹೋಟೆಲಿನವರು ಹಿಗ್ಗಿದರು, ರಾಜ್ಯ ಸರ್ಕಾರಗಳು ಬೆಚ್ಚಿಬಿದ್ದುವು. ಪಾರ್ಲಿಮೆಂಟು ಸಂವಿಧಾನಕ್ಕೆ 46ನೆಯ ತಿದ್ದುಪಡಿಯನ್ನು ತಂದು, ಅದು 1983ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ಬಡಿಸಿದ ಅನ್ನವೂ ಮಾರಾಟವೆಂದೇ ಎಣಿಸಲ್ಪಟ್ಟಿತು. ಹೊಸ ತೆರಿಗೆ ಬಂದ 2017ರಲ್ಲಿ ಚಕ್ರ ಮತ್ತೊಂದು ಸುತ್ತು ತಿರುಗಿತು. ಹೋಟೆಲಿನ ಊಟ ಈಗ ಶಾಸನದ ಅನುಸೂಚಿಯ ಪ್ರಕಾರ 'ಸೇವೆ'.

ಈ ಮಾತಿಗೆ ಬೆಲೆಯಿದೆ. ಆಂಧ್ರಪ್ರದೇಶದಲ್ಲಿ ಕೇವಲ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಮಾತ್ರ ಜಿ.ಎಸ್.ಟಿ. ನೋಂದಣಿ ಕಡ್ಡಾಯ, ಸೇವೆ ಒದಗಿಸುವವನಿಗೆ ಆ ಮಿತಿ 20 ಲಕ್ಷ. ಕಿರಾಣಿ ಅಂಗಡಿಯ ಪಕ್ಕದವನು ಹೇಳಿದ 40 ಲಕ್ಷದ ಮಾತನ್ನು ನಂಬಿ ನೆಮ್ಮದಿಯಿಂದಿರುವ ಹೋಟೆಲಿನವನು ಅರ್ಧ ದಾರಿಯಲ್ಲೇ ಗೆರೆ ದಾಟಿರುತ್ತಾನೆ. 20 ಲಕ್ಷವೆಂದರೆ ಬಹಳವೇನೂ ಅಲ್ಲ. ವರ್ಷವಿಡೀ ಬಾಗಿಲು ತೆರೆದಿಟ್ಟು ದಿನಕ್ಕೆ 5,500 ರೂಪಾಯಿ ವ್ಯಾಪಾರ ಮಾಡುವ ಪುಟ್ಟ ಟಿಫಿನ್ ಅಂಗಡಿಯೂ ಅದನ್ನು ಮುಟ್ಟುತ್ತದೆ.

ಒಂದು ಕಲ್ಪಿತ ಹೋಟೆಲನ್ನು ತೆಗೆದುಕೊಳ್ಳೋಣ. ಬಂದರಿನ ಹತ್ತಿರ ಏಪ್ರಿಲ್ 1ರಂದು ತೆರೆದ ಅದರ ದಿನದ ವ್ಯಾಪಾರ ಸರಾಸರಿ 9,000 ರೂಪಾಯಿ. 222 ದಿನಕ್ಕೆ 19,98,000. ಮಾರನೆಯ ದಿನ, ಅಂದರೆ ನವೆಂಬರ್ 9ರಂದು, ಮಿತಿ ದಾಟಿತು. ಅಂದಿನಿಂದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಹಾಕದೆ ಹೋದರೆ ಅಂಗಡಿಯೇನೂ ನಿಲ್ಲುವುದಿಲ್ಲ. ಎಂದಿನಂತೆ ಕಾಫಿ ಕುದಿಯುತ್ತದೆ. ಆದರೆ ನವೆಂಬರ್ 9ರಿಂದ ಮಾರ್ಚ್ 31ರವರೆಗಿನ 143 ದಿನಗಳ 12,87,000 ರೂಪಾಯಿ ವ್ಯಾಪಾರದ ಮೇಲೆ ನೂರಕ್ಕೆ 5ರಂತೆ 64,350 ರೂಪಾಯಿ ತೆರಿಗೆ ಬೆಳೆದಿರುತ್ತದೆ. ಮಾರನೆಯ ವರ್ಷವೂ ಹೀಗೆಯೇ ನಡೆದರೆ ಇನ್ನೂ 1,64,250. ಗಿರಾಕಿಗಳಿಂದ ವಸೂಲು ಮಾಡದ ಈ 2,28,600 ರೂಪಾಯಿಯನ್ನು ಗಲ್ಲಾಪೆಟ್ಟಿಗೆಯಿಂದಲೇ ತೆರಬೇಕು. ಅದರ ಮೇಲೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ. ನೋಂದಣಿ ಮಾಡಿಸದುದಕ್ಕೆ ಹತ್ತು ಸಾವಿರ ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅಷ್ಟರವರೆಗೂ ದಂಡ. ನೋಂದಣಿಗೆ ಸರ್ಕಾರ ತೆಗೆದುಕೊಳ್ಳುವ ಶುಲ್ಕವಾದರೋ ಏನೂ ಇಲ್ಲ.

ವಹಿವಾಟನ್ನು ಎಣಿಸುವಾಗ ಅಂಗಡಿಯನ್ನು ನೋಡುವುದಿಲ್ಲ, ಮಾಲೀಕನ ಪ್ಯಾನ್ ಸಂಖ್ಯೆಯನ್ನು ನೋಡುತ್ತಾರೆ. ಬೆಜವಾಡದಲ್ಲೊಂದು, ವಿಶಾಖಪಟ್ಟಣದಲ್ಲೊಂದು, ಊರಿನಲ್ಲಿ ತಮ್ಮ ನೋಡಿಕೊಳ್ಳುವ ಇನ್ನೊಂದು, ಈ ಮೂರೂ ಒಬ್ಬನ ಹೆಸರಿನಲ್ಲಿದ್ದರೆ ಮೂರರ ವ್ಯಾಪಾರವನ್ನೂ ಕೂಡಿಸಬೇಕು. ನೋಂದಣಿ ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ಹದಿನೈದು ಅಕ್ಷರಾಂಕಗಳ ಆ ಸಂಖ್ಯೆಯಲ್ಲಿ ಮೊದಲಿನ ಎರಡು ಅಂಕಿ ರಾಜ್ಯದ್ದು: ಆಂಧ್ರಪ್ರದೇಶಕ್ಕೆ 37, ಕರ್ನಾಟಕಕ್ಕೆ 29. ನಡುವಿನ ಹತ್ತು, ಮಾಲೀಕನ ಪ್ಯಾನ್. ಮಂಗಳೂರಿನಿಂದ ತರಿಸಿದ ಕಾಫಿಪುಡಿಯ ಬಿಲ್ಲಿನಲ್ಲಿ 29 ಎಂದಿದ್ದರೆ ಗಾಬರಿಯಾಗಬೇಕಾಗಿಲ್ಲ. ತಮ್ಮ ಹೋಟೆಲಿನ ಫಲಕದ ಮೇಲೆ 29 ಎಂದಿದ್ದರೆ ಅವಶ್ಯವಾಗಿ ಗಾಬರಿಯಾಗಬೇಕು.

ಮನೆಗೆ ಊಟ ತಲಪಿಸುವ ಆ್ಯಪ್‌ಗಳ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. 2022ರ ಜನವರಿ 1ರಿಂದ ಅವುಗಳ ಮೂಲಕ ಮಾರಿದ ಊಟದ ತೆರಿಗೆಯನ್ನು ಆ ಸಂಸ್ಥೆಗಳೇ ಕಟ್ಟುತ್ತವೆಂಬುದು ನಿಜ. ಹಾಗೆಂದು ಆ ಮಾರಾಟ ತನ್ನದಲ್ಲವೆಂದು ಹೋಟೆಲಿನವನು ತಿಳಿಯಬಾರದು; ಒಟ್ಟು ವಹಿವಾಟಿನ ಲೆಕ್ಕದಲ್ಲಿ ಅದೂ ಸೇರುತ್ತದೆ.

ಹಾವೇರಿಯ ತರಕಾರಿ, ಬೆಂಗಳೂರಿನ ಬೇಕರಿ

ಇವೆಲ್ಲ ಪುಸ್ತಕದ ಬದನೆಕಾಯಿಯೆಂದು ತಳ್ಳಿಹಾಕುವವರು 2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದಲ್ಲಿ ನಡೆದುದನ್ನು ನೆನೆಯಬೇಕು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯು.ಪಿ.ಐ. ಪಾವತಿಗಳ ವಿವರವನ್ನು ತರಿಸಿಕೊಂಡು, ಮಿತಿ ದಾಟಿಯೂ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಬೇಕರಿ, ಚಹದಂಗಡಿ, ಕಾಂಡಿಮೆಂಟ್ಸ್ ಅಂಗಡಿ, ಎಲ್ಲರ ಕೈಗೂ ಲಕ್ಷಗಳ ಲೆಕ್ಕ ಬಂತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಪಾವತಿಗಳಿಗೆ 29 ಲಕ್ಷ ರೂಪಾಯಿ ಕೇಳಿದ ಸುದ್ದಿ ನಾಡೆಲ್ಲ ಹಬ್ಬಿತು. ಬೆಂಗಳೂರಿನ ಅಂಗಡಿಗಳಲ್ಲಿ 'ಯು.ಪಿ.ಐ. ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅಂಟಿಕೊಂಡುವು.

ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರವೇ ಮಾರುವವನು ಎಷ್ಟು ಮಾರಿದರೂ ನೋಂದಣಿ ಮಾಡಿಸಬೇಕಾಗಿಲ್ಲ. ಹಾಗಿದ್ದೂ ಅವನಿಗೆ ನೋಟೀಸು ಹೋದುದೇಕೆ? ಬ್ಯಾಂಕಿನ ಕಡೆಯಿಂದ ನೋಡುವವನಿಗೆ ಕಾಣುವುದು ಹಣವೇ ಹೊರತು ತರಕಾರಿಯಲ್ಲ. ಅವನ ಹತ್ತಿರ ಖರೀದಿಯ ಚೀಟಿಗಳಿದ್ದರೆ ಉತ್ತರ ಒಂದು ಪುಟದ್ದು. ಇಲ್ಲದಿದ್ದರೆ ಅದೇ ಉತ್ತರಕ್ಕೆ ತಿಂಗಳುಗಳ ಅಲೆದಾಟ. ಆ ತಿಂಗಳು 23ರಂದು ಮುಖ್ಯಮಂತ್ರಿಗಳು ವರ್ತಕರೊಡನೆ ಸಭೆ ನಡೆಸಿ, ತೆರಿಗೆಯಿಲ್ಲದ ಪದಾರ್ಥ ಮಾರುವವರ ಬಾಕಿಯನ್ನು ಕೈಬಿಡುವುದಾಗಿಯೂ, ಉಳಿದವರು ನೋಂದಣಿ ಮಾಡಿಸಿಕೊಂಡಲ್ಲಿ ಹಳೆಯದನ್ನು ಒತ್ತಾಯಿಸುವುದಿಲ್ಲವೆಂದೂ ತಿಳಿಸಿದ ಮೇಲೆ ಗದ್ದಲ ತಣ್ಣಗಾಯಿತು. ಆಂಧ್ರದಲ್ಲಿರುವ ಕನ್ನಡಿಗನು ಇದರಿಂದ ತನಗೂ ಮಾಫಿಯಿದೆಯೆಂದು ಭಾವಿಸಬಾರದು. ಅದು ಬೇರೆ ಸರ್ಕಾರದ ಮಾತು. ಗಲ್ಲೆಯ ಮುಂದಿನ ಚೌಕುಳಿ ಚಿತ್ರವನ್ನು ಕಿತ್ತೊಗೆದರೆ ತೊಂದರೆ ತಪ್ಪುತ್ತದೆಂಬುದೂ ಸರಿಯಲ್ಲ. ಹೊಣೆ ಹುಟ್ಟುವುದು ವ್ಯಾಪಾರದಿಂದ, ಹಣ ಬಂದ ದಾರಿಯಿಂದಲ್ಲ. ಮುಂದೆ ಕಾಣುವಂತೆ ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಆದಾಯ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿಯೇ ಇದೆ.

ನೋಟೀಸು ಬಂದಾಗ ಮಾಡಬಾರದ ಕೆಲಸವೆಂದರೆ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುವುದು. ವಂಚನೆಯ ಆರೋಪವಿಲ್ಲದ ಪ್ರಕರಣಗಳಲ್ಲಿ, 2024-25ರಿಂದೀಚಿನ ವರ್ಷಗಳಿಗೆ, ಕಾರಣ ಕೇಳುವ ನೋಟೀಸು ಬಂದ 60 ದಿನಗಳೊಳಗೆ ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿದರೆ ಆ ಬಾಕಿಯ ಮೇಲಿನ ದಂಡವಿಲ್ಲವೆಂದು ಶಾಸನವೇ ಹೇಳುತ್ತದೆ. ಉತ್ತರವನ್ನೇ ಕೊಡದವನಿಗೆ ಈ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಎರಡು ದಾರಿಗಳು

ನೋಂದಣಿಯ ಅರ್ಜಿಯಲ್ಲಿಯೇ ಒಂದು ಆಯ್ಕೆ ಬರುತ್ತದೆ: ಸಾಮಾನ್ಯ ಪದ್ಧತಿಯೋ, ರಾಜಿ ತೆರಿಗೆಯೋ? ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವಹಿವಾಟಿರುವ ಹೋಟೆಲಿನವನು ರಾಜಿ ತೆರಿಗೆಯನ್ನು ಆಯ್ದುಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ನೂರಕ್ಕೆ 5ರಂತೆ ಕಟ್ಟಿ, ವರ್ಷಕ್ಕೊಂದು ವಿವರಪತ್ರ ಸಲ್ಲಿಸಿದರೆ ಮುಗಿಯಿತು. ಆದರೆ ಗಿರಾಕಿಯ ಬಿಲ್ಲಿನಲ್ಲಿ ತೆರಿಗೆಯೆಂದು ಬೇರೆಯಾಗಿ ಒಂದು ಕಾಸೂ ವಸೂಲು ಮಾಡುವಂತಿಲ್ಲ. ಸಾಮಾನ್ಯ ಪದ್ಧತಿಯಲ್ಲೂ ಬಹುಪಾಲು ಹೋಟೆಲುಗಳಿಗೆ ದರ ಅದೇ 5, 2017ರ ನವೆಂಬರಿನಿಂದ. ಅದನ್ನು ಗಿರಾಕಿಯಿಂದ ಪಡೆಯಬಹುದು. ಎರಡರಲ್ಲೂ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ.

ಬರಹದಲ್ಲಿ ಎರಡನೆಯದೇ ಲಾಭವೆಂದು ತೋರುತ್ತದೆ. ವಾಸ್ತವದಲ್ಲಿ ಸಣ್ಣ ಹೋಟೆಲಿನವನು 40 ರೂಪಾಯಿ ದೋಸೆಗೆ ಎರಡು ರೂಪಾಯಿ ಬೇರೆ ಕೇಳುವುದಿಲ್ಲ. ಬೆಲೆಯೊಳಗೇ ತೆರಿಗೆಯನ್ನು ಅಡಗಿಸುತ್ತಾನೆ. ಆಗ ನಮ್ಮ ಕಲ್ಪಿತ ಹೋಟೆಲಿನ 32,85,000 ರೂಪಾಯಿಯ ಪೂರ್ಣವರ್ಷದ ವ್ಯಾಪಾರದಲ್ಲಿ ಅಡಗಿರುವ ತೆರಿಗೆ ಸುಮಾರು 1,56,429. ರಾಜಿ ಪದ್ಧತಿಯಲ್ಲಿ 1,64,250. ಅಂತರ ಎಂಟು ಸಾವಿರದೊಳಗೆ. ಹಾಗಾದರೆ ತಕ್ಕಡಿಯನ್ನು ವಾಲಿಸುವುದು ಬೇರೊಂದು ಸಂಗತಿ, ಅಂಗಡಿಯ ಬಾಡಿಗೆ.

2024ರ ಅಕ್ಟೋಬರ್ 10ರಿಂದ ಒಂದು ಹೊಸ ನಿಯಮ ಬಂದಿದೆ. ಅಂಗಡಿಯ ಮಾಲೀಕ ಜಿ.ಎಸ್.ಟಿ. ನೋಂದಣಿ ಮಾಡಿಸದವನಾಗಿ, ಬಾಡಿಗೆದಾರ ನೋಂದಾಯಿತನಾಗಿದ್ದರೆ, ಬಾಡಿಗೆಯ ಮೇಲಿನ ನೂರಕ್ಕೆ 18ರ ತೆರಿಗೆಯನ್ನು ಬಾಡಿಗೆದಾರನೇ ಸರ್ಕಾರಕ್ಕೆ ಕಟ್ಟಬೇಕು. ತಿಂಗಳಿಗೆ 30,000 ಬಾಡಿಗೆಯಾದರೆ 5,400, ವರ್ಷಕ್ಕೆ 64,800. ಹೋಟೆಲಿನವನಿಗೆ ವಜಾ ಇಲ್ಲದುದರಿಂದ ಇದು ಪೂರಾ ಕೈಬಿಟ್ಟು ಹೋಗುವ ಹಣ. ರಾಜಿ ತೆರಿಗೆಯವರಿಗೆ ಮಾತ್ರ 2025ರ ಜನವರಿ 16ರಿಂದ ಈ ಹೊರೆಯಿಲ್ಲ. ಆದುದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಕಟ್ಟಡದ ಯಜಮಾನರನ್ನು ಕೇಳಬೇಕಾದ ಪ್ರಶ್ನೆ ನೀರಿನದು ಕರೆಂಟಿನದು ಮಾತ್ರವಲ್ಲ. ನೆರೆಯ ರಾಜ್ಯಕ್ಕೆ ಸರಕು ಕಳುಹಿಸುವ ಇರಾದೆಯುಳ್ಳವನಿಗೆ ರಾಜಿ ದಾರಿ ಮುಚ್ಚಿದೆ. ಹೊರರಾಜ್ಯದಿಂದ ಕೊಳ್ಳಲು ಅಡ್ಡಿಯಿಲ್ಲ.

ಸಾಮಾನ್ಯ ಪದ್ಧತಿಯವರು ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ವಿವರಪತ್ರ ಸಲ್ಲಿಸಬೇಕು. ಐದು ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ವಿವರ ಕೊಟ್ಟು ಹಣ ಮಾತ್ರ ತಿಂಗಳು ತಿಂಗಳು ಕಟ್ಟುವ ಸೌಕರ್ಯವುಂಟು. ವ್ಯಾಪಾರವೇ ನಡೆಯದ ತಿಂಗಳಿನಲ್ಲೂ 'ಏನೂ ಇಲ್ಲ' ಎಂದು ಬರೆದು ಕಳುಹಿಸಬೇಕೆಂಬುದನ್ನು ಹೊಸಬರು ಮರೆಯುತ್ತಾರೆ. ತಡವಾದರೆ ಅದಕ್ಕೂ ದಿನಕ್ಕೆ 20 ರೂಪಾಯಿ.

ಪಾಲುಪತ್ರದ ಒಂದು ಸಾಲು

ಜಿ.ಎಸ್.ಟಿ. ವ್ಯಾಪಾರದ ಮೇಲಿನದು, ಆದಾಯ ತೆರಿಗೆ ಲಾಭದ ಮೇಲಿನದು. ಒಂದನ್ನು ಕಟ್ಟಿದವನಿಗೆ ಇನ್ನೊಂದು ಮಾಫಿಯಾಗುವುದಿಲ್ಲ. 1961ರ ಆದಾಯ ತೆರಿಗೆ ಶಾಸನದ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ಶಾಸನ ರಚಿತವಾಯಿತು. ಭಾಷೆ ಸ್ವಲ್ಪ ಸರಳವಾಯಿತು. ತತ್ವಗಳು ಹೆಚ್ಚಾಗಿ ಹಿಂದಿನವೇ.

ಒಬ್ಬನೇ ಮಾಲೀಕನಾಗಿ ಎರಡು ಕೋಟಿಯೊಳಗೆ ವ್ಯಾಪಾರ ಮಾಡುವವನಿಗೆ ಒಂದು ಸುಲಭೋಪಾಯವಿದೆ. ವಿಸ್ತಾರವಾದ ಲೆಕ್ಕಪುಸ್ತಕಗಳ ಬದಲು, ನಗದು ವ್ಯಾಪಾರದ ನೂರಕ್ಕೆ 8, ಬ್ಯಾಂಕು ಅಥವಾ ಯು.ಪಿ.ಐ. ಮೂಲಕ ಬಂದುದರ ನೂರಕ್ಕೆ 6 ಲಾಭವೆಂದು ಭಾವಿಸಿ ತೋರಿಸಬಹುದು. ನಮ್ಮ ಹೋಟೆಲಿನಲ್ಲಿ 20 ಲಕ್ಷ ಬ್ಯಾಂಕಿನ ದಾರಿಯಿಂದಲೂ 12,85,000 ನಗದಾಗಿಯೂ ಬಂದಿದ್ದರೆ ಭಾವಿತ ಲಾಭ 2,22,800. ಹೊಸ ದರಪಟ್ಟಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯಿಲ್ಲ. ರಿಯಾಯಿತಿ ಸೇರಿಸಿದರೆ ಒಬ್ಬ ವ್ಯಕ್ತಿಗೆ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ಕಟ್ಟಬೇಕಾದುದು ಏನೂ ಇಲ್ಲ. ಒಂದು ವರ್ಷ ಈ ಉಪಾಯವನ್ನು ಹಿಡಿದು, ಐದು ವರ್ಷದೊಳಗೆ ಕೈಬಿಟ್ಟು ಕಡಿಮೆ ಲಾಭ ತೋರಿಸಿದವನಿಗೆ ಮುಂದಿನ ಐದು ವರ್ಷ ಅದು ಮತ್ತೆ ಸಿಗದು. ಇನ್ನೊಂದು ಎಚ್ಚರಿಕೆ: ವರ್ಷಕ್ಕೆ ಎರಡು ಲಕ್ಷ ಲಾಭ ತೋರಿಸಿ, ಊರಿನಲ್ಲಿ ಮೂವತ್ತು ಲಕ್ಷದ ಮನೆ ಕಟ್ಟಿಸಿದವನು ಆ ಹಣದ ಮೂಲವನ್ನು ವಿವರಿಸಬೇಕಾಗುತ್ತದೆ.

ಆದರೆ ನಮ್ಮವರ ಹೋಟೆಲುಗಳು ಒಬ್ಬನ ಹೆಸರಿನಲ್ಲಿರುವುದು ಕಡಿಮೆ. ಭಾವ ಮೈದುನರು, ದಾಯಾದಿಗಳು, ಒಂದೇ ಊರಿನ ಇಬ್ಬರು ಗೆಳೆಯರು ಪಾಲುಗಾರರಾಗುತ್ತಾರೆ. ಪಾಲುಗಾರಿಕೆ ಸಂಸ್ಥೆಗೆ ನಾಲ್ಕು ಲಕ್ಷವೂ ಇಲ್ಲ, ಹನ್ನೆರಡು ಲಕ್ಷವೂ ಇಲ್ಲ. ಮೊದಲ ರೂಪಾಯಿಯಿಂದಲೇ ನೂರಕ್ಕೆ 30 ತೆರಿಗೆ, ಅದರ ಮೇಲೆ ಉಪಕರ; ಒಟ್ಟು 31.2. ಪಾಲುಗಾರರು ದುಡಿಮೆಗೆ ಸಂಬಳ ತೆಗೆದುಕೊಳ್ಳದೆ ಸಂಸ್ಥೆಗೆ ವರ್ಷದಲ್ಲಿ ಒಂಬತ್ತು ಲಕ್ಷ ಲಾಭ ಉಳಿದರೆ ತೆರಿಗೆ 2,80,800 ರೂಪಾಯಿ.

ಇದೇ ಸಂಸ್ಥೆಯ ಪಾಲುಪತ್ರದಲ್ಲಿ, ದುಡಿಯುವ ಪಾಲುಗಾರರಿಗೆ ಶಾಸನದ ಮಿತಿಯೊಳಗೆ ಇಂತಿಷ್ಟು ಸಂಬಳ ಸಲ್ಲತಕ್ಕದ್ದೆಂಬ ಸಾಲೊಂದಿದ್ದರೆ, ಲೆಕ್ಕವನ್ನೂ ಕ್ರಮವಾಗಿ ಇಟ್ಟಿದ್ದರೆ, ಚಿತ್ರವೇ ಬೇರೆ. 2024-25ರಿಂದ ಮೊದಲ ಆರು ಲಕ್ಷ ಲಾಭದಲ್ಲಿ ನೂರಕ್ಕೆ 90, ಉಳಿದುದರಲ್ಲಿ 60 ಸಂಬಳವಾಗಿ ವಜಾ ಸಿಗುತ್ತದೆ. ಒಂಬತ್ತು ಲಕ್ಷದಲ್ಲಿ 5,40,000 ಮತ್ತು 1,80,000 ಸೇರಿ 7,20,000 ಹೋಗಿ, ಸಂಸ್ಥೆಗೆ ಉಳಿಯುವುದು 1,80,000, ತೆರಿಗೆ 56,160. ಸಂಬಳ ಪಡೆದ ಇಬ್ಬರೂ ತಮ್ಮ ತಮ್ಮ ವಿವರಪತ್ರದಲ್ಲಿ ತೋರಿಸುತ್ತಾರೆ. ಬೇರೆ ಆದಾಯವಿಲ್ಲದಿದ್ದರೆ ಅವರಿಗೆ ತೆರಿಗೆ ಬೀಳುವುದಿಲ್ಲ. ಪಾಲುಪತ್ರದಲ್ಲಿ ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆ ವರ್ಷಕ್ಕೆ 2,24,640 ರೂಪಾಯಿ! ಹಳೆಯ ಯಾರದೋ ಪಾಲುಪತ್ರವನ್ನು ಹೆಸರು ಬದಲಿಸಿ ಬೆರಳಚ್ಚು ಮಾಡಿಸಿಕೊಳ್ಳುವ ನಮ್ಮ ಅಭ್ಯಾಸ ಬಹಳ ದುಬಾರಿಯಾದುದು. 2025ರ ಏಪ್ರಿಲಿನಿಂದ ಪಾಲುಗಾರನಿಗೆ ಸಲ್ಲುವ ಸಂಬಳ ಬಡ್ಡಿಗಳು ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ನೂರಕ್ಕೆ 10ನ್ನು ಮೂಲದಲ್ಲೇ ಕಡಿದು ಕಟ್ಟಬೇಕೆಂಬುದೂ ಸೇರಿದೆ. ತೆರಿಗೆ ಬಾರದ ಪಾಲುಗಾರನು ವಿವರಪತ್ರ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು.

ಮೂಲಧನದ ವಿಷಯ ಇನ್ನೂ ನಾಜೂಕಿನದು. ಹೊಸ ಹೋಟೆಲು ಏಳುವುದು ಕೈಗಡದಿಂದ. ಮಾವನವರು ಮೂರು ಲಕ್ಷ, ಸೋದರತ್ತೆ ಒಂದು ಲಕ್ಷ, ಹಿಂದಿನ ಯಜಮಾನರು ಪ್ರೀತಿಯಿಂದ ಎರಡು ಲಕ್ಷ. ನೋಟಿನ ಕಟ್ಟು, ಎಲೆ ಅಡಿಕೆ, ನಮಸ್ಕಾರ, ಕಾಗದವಿಲ್ಲ. ಈ ವಿಶ್ವಾಸ ನಮ್ಮ ಜನರ ದೊಡ್ಡ ಬಂಡವಾಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ 20,000 ರೂಪಾಯಿ ಅಥವಾ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಕೂಡದೆಂಬುದು ಆದಾಯ ತೆರಿಗೆ ಶಾಸನದ ಕಟ್ಟಪ್ಪಣೆ. ಮೀರಿದರೆ ಪಡೆದ ಸಾಲದಷ್ಟೇ ದಂಡ ಬೀಳಬಹುದು. ಮೂರು ಲಕ್ಷ ಪಡೆದವನಿಗೆ ಮೂರು ಲಕ್ಷ. ಹಿಂದಿರುಗಿಸುವಾಗಲೂ ಇದೇ ನಿಯಮ. ಕೊಡುವವರಿಗೆ ನೋವಾಗುತ್ತದೆಂಬ ಸಂಕೋಚವನ್ನು ಬಿಟ್ಟು ಚೆಕ್ಕು ಕೇಳುವುದು ಇಬ್ಬರಿಗೂ ಕ್ಷೇಮ. ಅವರ ಹಣಕ್ಕೂ ಅದೇ ದಾಖಲೆಯಾಗುತ್ತದೆ. ಕ್ರಮವಾಗಿ ಲೆಕ್ಕ ಇಡುವವರು, ಒಬ್ಬ ವ್ಯಾಪಾರಿಗೆ ಒಂದು ದಿನದಲ್ಲಿ ಹತ್ತು ಸಾವಿರಕ್ಕೆ ಮೀರಿ ನಗದು ಕೊಟ್ಟರೆ ಆ ಖರ್ಚೇ ಲೆಕ್ಕಕ್ಕೆ ಸಿಗುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಗಲ್ಲೆಯಲ್ಲಿ ಕೈಯಾಡಿಸಿ ಮನೆಯ ತರಕಾರಿಗೂ ಮಗುವಿನ ಶಾಲೆಗೂ ತೆಗೆದುಕೊಂಡು, ರಾತ್ರಿ ಉಳಿದುದನ್ನು 'ಇಂದಿನ ವ್ಯಾಪಾರ' ಎಂದು ಕಿರ್ದಿಯಲ್ಲಿ ಬರೆಯುವ ಪದ್ಧತಿಯಿಂದ ಸರ್ಕಾರಕ್ಕಿಂತ ಮೊದಲು ಮೋಸಹೋಗುವವನು ಮಾಲೀಕನೇ. ತನ್ನ ಹೋಟೆಲಿನಿಂದ ಲಾಭವೋ ನಷ್ಟವೋ ಅವನಿಗೇ ತಿಳಿಯದು. ಹೋಟೆಲಿಗೆ ಒಂದು ಬ್ಯಾಂಕು ಖಾತೆ, ಮನೆಗೆ ಇನ್ನೊಂದು. ತೆಗೆದುಕೊಂಡುದನ್ನು ತೆಗೆದುಕೊಂಡಂತೆ ಬರೆಯುವುದು. ತೆರಿಗೆಯ ಅರ್ಧ ಭಯ ಅಲ್ಲಿಗೆ ಹೋಗುತ್ತದೆ. 'ಲೆಕ್ಕ' ಎಂಬ ಮಾತು ತೆಲುಗಿಗೂ ಕನ್ನಡಕ್ಕೂ ಒಂದೇ ಎಂಬುದು ಇಲ್ಲಿಯ ಗುಮಾಸ್ತರೊಡನೆ ವ್ಯವಹರಿಸುವವರಿಗೆ ಸಣ್ಣ ಅನುಕೂಲ.

ದುಡಿಯುವವರ ಪಾಲು

ಆಂಧ್ರಪ್ರದೇಶದಲ್ಲಿ 1987ರ ಶಾಸನದಂತೆ ವೃತ್ತಿ ತೆರಿಗೆಯಿದೆ. ತಿಂಗಳ ಸಂಬಳ 15,000ದವರೆಗೆ ಇಲ್ಲ. 20,000ದವರೆಗೆ 150 ರೂಪಾಯಿ, ಅದಕ್ಕೆ ಮೇಲೆ 200. ಯಜಮಾನನು ಸಂಬಳದಿಂದ ಹಿಡಿದು ಕಟ್ಟಬೇಕು. ತನ್ನ ಹೆಸರಿನದನ್ನೂ ಬೇರೆಯಾಗಿ ಕಟ್ಟಬೇಕು. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಈ ತೆರಿಗೆಯಿಲ್ಲವಾದುದರಿಂದ, ಊರಿನ ಲೆಕ್ಕವನ್ನೇ ಇಲ್ಲಿಯೂ ಹಿಡಿದವರು ತಪ್ಪುತ್ತಾರೆ. ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಪರವಾನಗಿ ಮೊದಲಾದುವು ತೆರಿಗೆಗಳಲ್ಲದಿದ್ದರೂ ಬಾಗಿಲು ತೆರೆಯುವ ಮುನ್ನವೇ ಆಗಬೇಕಾದ ಕೆಲಸಗಳು.

ಹತ್ತು ಜನ ಕೆಲಸಗಾರರಾದೊಡನೆ ಇ.ಎಸ್.ಐ. ಬರುತ್ತದೆ. ಬಹಳ ಯಜಮಾನರು ಇದನ್ನು ಇನ್ನೊಂದು ತೆರಿಗೆಯೆಂದೇ ಎಣಿಸಿ, ಹತ್ತನೆಯವನನ್ನು ಪುಸ್ತಕದಲ್ಲಿ ತೋರಿಸದೆ ಇಡುತ್ತಾರೆ. 14,000 ಸಂಬಳದ ಅಡುಗೆಯವನಿಗೆ ಯಜಮಾನನ ಪಾಲು ತಿಂಗಳಿಗೆ 455, ಅವನದು 105. ಇದಕ್ಕೆ ಪ್ರತಿಯಾಗಿ ಅವನಿಗೂ ಅವನ ಹೆಂಡಿರು ಮಕ್ಕಳಿಗೂ ಚಿಕಿತ್ಸೆ. ವಿಶಾಖಪಟ್ಟಣದ ಮಲ್ಕಾಪುರದಲ್ಲಿಯೂ ವಿಜಯವಾಡದ ಗುಣದಲದಲ್ಲಿಯೂ ಆಸ್ಪತ್ರೆಗಳಿವೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಭತ್ಯೆ. ಕುದಿಯುವ ಎಣ್ಣೆಯ ಮುಂದೆ ದಿನವಿಡೀ ನಿಲ್ಲುವವನಿಗೆ ಸುಟ್ಟಗಾಯವೆಂಬುದು ದೂರದ ಸಂಭವವಲ್ಲ. ಆಗ ಗಲ್ಲೆಯಿಂದ ಐವತ್ತು ಸಾವಿರ ಕೊಟ್ಟು ಕಳುಹಿಸಿದ ಯಜಮಾನ ಧರ್ಮಾತ್ಮನೆನಿಸಬಹುದು. ತಿಂಗಳಿಗೆ 455 ಕಟ್ಟಿದ್ದರೆ ಆ ಕೆಲಸಗಾರ ಅದನ್ನು ಹಕ್ಕಿನಿಂದ ಪಡೆಯುತ್ತಿದ್ದ. ಇ.ಎಸ್.ಐ.ಯ ವ್ಯಾಪ್ತಿಗೆ ಬಾರದ ಯಜಮಾನನಿಗೆ ಒಂದು ಸಮಾಧಾನ: ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ.

ಅದೇ ದಿನದಿಂದ ಚಪಾತಿ ಪರೋಟಗಳ ಮೇಲಿನ ತೆರಿಗೆಯೂ ಹೋಯಿತು. 2020ರಲ್ಲಿ ಬೆಂಗಳೂರಿನ ಸಂಸ್ಥೆಯೊಂದರ ಅರ್ಜಿಯ ಮೇಲೆ, ಪರೋಟವು ಚಪಾತಿಯ ಜಾತಿಗೆ ಸೇರದು, ಅದಕ್ಕೆ 5ರ ಬದಲು 18 ಸಲ್ಲತಕ್ಕದ್ದೆಂದು ಕರ್ನಾಟಕದ ಪ್ರಾಧಿಕಾರ ತೀರ್ಪಿತ್ತು ನಗೆಪಾಟಲಾಗಿತ್ತು. ಆದರೆ ಅದು ಪೊಟ್ಟಣದಲ್ಲಿ ಮಾರುವ ಪರೋಟದ ಮಾತು; ಹೋಟೆಲಿನ ಮೇಜಿನ ಮೇಲೆ ಬಡಿಸಿದ ಪರೋಟ ಇಂದಿಗೂ 5ರ ಸೇವೆಯೇ.

ಹೋಟೆಲಿನ ಜೊತೆಗೆ ಸಾಂಬಾರುಪುಡಿ, ಉಪ್ಪಿನಕಾಯಿಗಳನ್ನು ಪೊಟ್ಟಣ ಕಟ್ಟಿ ಒಡಿಶಾಕ್ಕೋ, ಹಡಗಿನ ಮೇಲೆ ಹೊರದೇಶಕ್ಕೋ ಕಳುಹಿಸುವ ಉತ್ಸಾಹ ಬಂದರಿನ ಊರಿನಲ್ಲಿ ಸಹಜ. ರಾಜ್ಯದ ಗಡಿ ದಾಟಿಸಿ ಇಂತಹ ಸರಕು ಮಾರುವವನಿಗೆ 40 ಲಕ್ಷದ ಮಿತಿಯ ರಕ್ಷಣೆಯಿಲ್ಲ. ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಹೊರದೇಶಕ್ಕಾದರೆ ವಿದೇಶ ವ್ಯಾಪಾರ ನಿರ್ದೇಶನಾಲಯದ ಆಮದು ರಫ್ತು ಸಂಕೇತಸಂಖ್ಯೆಯನ್ನೂ ಪಡೆಯಬೇಕು. ರಫ್ತಿನ ಮೇಲೆ ತೆರಿಗೆ ಬೀಳುವುದಿಲ್ಲ. ಆದರೆ ಪ್ರತಿವರ್ಷ ಮುಚ್ಚಳಿಕೆ ಪತ್ರ ಸಲ್ಲಿಸದೆ ಕಳುಹಿಸಿದವನು ಮೊದಲು ತೆರಿಗೆ ಕಟ್ಟಿ, ಆಮೇಲೆ ಮರುಪಾವತಿಗೆ ಕಾಯಬೇಕಾಗುತ್ತದೆ. ಸಣ್ಣ ಬಂಡವಾಳದವನಿಗೆ ಆ ಕಾಯುವಿಕೆಯೇ ಕುತ್ತು.

ಇನ್ನು ಹೋಟೆಲು ಮುಚ್ಚುವವರ ಮಾತು. ಬಾಡಿಗೆ ಕರಾರು ಮುಗಿದೋ, ಪಾಲುಗಾರರು ಮುರಿದೋ, ತಂದೆತಾಯಿಗಳ ಆರೈಕೆಗಾಗಿಯೋ ಪ್ರತಿವರ್ಷ ಕೆಲವರು ಪಾತ್ರೆಪಡಗಗಳನ್ನು ಮಾರಿ ಊರಿಗೆ ಮರಳುತ್ತಾರೆ. ಬಾಗಿಲಿಗೆ ಬೀಗ ಬಿದ್ದರೂ ನೋಂದಣಿ ತಾನಾಗಿ ಬೀಗ ಹಾಕಿಕೊಳ್ಳುವುದಿಲ್ಲ. ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಅಂತಿಮ ವಿವರಪತ್ರವನ್ನು ಸಲ್ಲಿಸಬೇಕು. ವೃತ್ತಿ ತೆರಿಗೆಯ ಕಚೇರಿಗೂ ಇ.ಎಸ್.ಐ. ಕಚೇರಿಗೂ ತಿಳಿಸಬೇಕು. ಹಾಗೆ ಮಾಡದೆ ಹೋದವನು ಕೆಲವು ವರ್ಷಗಳ ತರುವಾಯ ಕುಂದಾಪುರದಲ್ಲೋ ಶಿವಮೊಗ್ಗದಲ್ಲೋ ಅದೇ ಪ್ಯಾನ್ ಸಂಖ್ಯೆಯ ಮೇಲೆ ಹೊಸ ನೋಂದಣಿ ಕೇಳಿದಾಗ, 37ರಿಂದ ಮೊದಲಾಗುವ ಹಳೆಯ ಸಂಖ್ಯೆಯೂ ಅದರ ಬಾಕಿ ವಿವರಪತ್ರಗಳೂ ಗಣಕದ ಪರದೆಯ ಮೇಲೆ ಎದುರಿಗೆ ಬಂದು ನಿಲ್ಲುತ್ತವೆ.